ಸಲಹೆ ಯಂತ್ರದ್ದು, ರುಜು ಯಾರದು?

ವ್ಯಾಪಾರದ ಮನೆಯಲ್ಲಿ ನಡೆಯುವ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಲೆಕ್ಕ ಬರೆಯುವುದು, ಪತ್ರಗಳಿಗೆ ಉತ್ತರ ಕೊಡುವುದು, ಸರಕನ್ನು ತೂಗಿ ಕಳುಹಿಸುವುದು ಇವೆಲ್ಲ ಒಂದು ಬಗೆ. ಯಾರಿಗೆ ಉದ್ರಿ ಕೊಡಬೇಕು, ಯಾವ ಸರಕನ್ನು ಕೈಬಿಡಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಗೊತ್ತುಮಾಡುವುದು ಇನ್ನೊಂದು ಬಗೆ. ಮೊದಲನೆಯ ಬಗೆಯ ಕೆಲಸಕ್ಕೆ ಯಂತ್ರಗಳು ಬಂದು ಬಹುಕಾಲವಾಯಿತು. ಎರಡನೆಯದು ಮಾತ್ರ ಈಚಿನವರೆಗೂ ಬಹುಮಟ್ಟಿಗೆ ಯಜಮಾನನ ಕೋಣೆಯೊಳಗೇ ಉಳಿದಿತ್ತು. ೨೦೨೨ರ ನವೆಂಬರ್ ತಿಂಗಳ ಕೊನೆಯಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಕೈಗೆ ಕೊಟ್ಟಮೇಲೆ ಆ ಕೋಣೆಯ ಬಾಗಿಲೂ ತೆರೆದಿದೆ. ಕೇಳಿದ್ದಕ್ಕೆ ಹೊಸ ಬರಹವನ್ನು ತಾನೇ ರಚಿಸಿಕೊಡುವ ಈ ಬಗೆಯ ಕೃತಕ ಬುದ್ಧಿಗೆ ಜನರೇಟಿವ್ ಎ.ಐ. ಎಂದು ಹೆಸರು. ಅದು ಈಗ ಗುಮಾಸ್ತನ ಮೇಜಿನ ಮೇಲೆ ಮಾತ್ರವಲ್ಲ, ಗುಮಾಸ್ತನ ಭವಿಷ್ಯವನ್ನು ನಿರ್ಣಯಿಸುವವರ ಮೇಜಿನ ಮೇಲೂ ಕುಳಿತಿದೆ.

ಅಕ್ಕಿ ಗಿರಣಿಯ ಯಜಮಾನರೊಬ್ಬರಿದ್ದಾರೆಂದು ಭಾವಿಸೋಣ. ಪಕ್ಕದ ತಾಲ್ಲೂಕಿನ ಚಿಲ್ಲರೆ ವ್ಯಾಪಾರಿಯೊಬ್ಬ ನೂರು ಮೂಟೆ ಅಕ್ಕಿಯನ್ನು ಮೂರು ತಿಂಗಳ ಉದ್ರಿಯ ಮೇಲೆ ಕೇಳುತ್ತಾನೆ. ಯಜಮಾನರು ತಮ್ಮ ಮೊಬೈಲಿನಲ್ಲಿರುವ ಯಂತ್ರಕ್ಕೆ ವಿಷಯವನ್ನು ತಿಳಿಸಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ: ಹಿಂದಿನ ಬಾಕಿಯನ್ನು ಪರಿಶೀಲಿಸಿರಿ, ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ, ಕರಾರುಪತ್ರ ಬರೆಯಿಸಿರಿ, ಇತ್ಯಾದಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ವ್ಯಾಪಾರಿಯು ಅಂಗಡಿಗೆ ಬೆಂಕಿ ಬಿದ್ದ ವರ್ಷದಲ್ಲಿಯೂ ಹೇಳಿದ ದಿನಕ್ಕೆ ಬಾಕಿ ತೀರಿಸಿದವನೆಂಬುದಾಗಲಿ, ಈಚೆಗೆ ಅವನು ಮಂಡಿಯಲ್ಲಿ ಸಾಲಗಾರರ ಕಣ್ಣು ತಪ್ಪಿಸಿ ಓಡಾಡುತ್ತಿರುವನೆಂಬುದಾಗಲಿ ಆ ಉತ್ತರದಲ್ಲಿ ಇಲ್ಲ. ಯಜಮಾನರು ಹೇಳದ ಹೊರತು ಇರುವುದು ಸಾಧ್ಯವೂ ಅಲ್ಲ. ಹೇಳಬೇಕೆಂದು ಅವರಿಗೆ ತೋರಬೇಕಾದರೆ, ಅದು ಮುಖ್ಯವಾದ ಸಂಗತಿಯೆಂಬುದು ಅವರಿಗೆ ಮೊದಲೇ ತಿಳಿದಿರಬೇಕು.

ಈ ಯಂತ್ರ ಉತ್ತರ ಕೊಡುವ ಕ್ರಮವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಕಷ್ಟವಲ್ಲ. ೨೦೧೭ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆಯೇ ಇದರ ತಳಹದಿ. ಅಪಾರವಾದ ಬರಹರಾಶಿಯನ್ನು ಯಂತ್ರಕ್ಕೆ ಉಣಿಸಿ, ಒಂದು ಪದಸರಣಿಯ ಮುಂದೆ ಯಾವ ಪದ ಬರುವ ಸಂಭವ ಎಷ್ಟು ಎಂಬುದನ್ನು ಎಣಿಸುವಂತೆ ಅದನ್ನು ಪಳಗಿಸುತ್ತಾರೆ. ‘ಮಳೆ ಚೆನ್ನಾಗಿ ಬಂದುದರಿಂದ ಕೆರೆ’ ಎಂಬುದರ ಮುಂದೆ ‘ತುಂಬಿತು’ ಎಂಬ ಪದ ಬರುವ ಸಂಭವ ಹೆಚ್ಚು. ‘ನಕ್ಕಿತು’ ಎಂಬುದು ಬರುವ ಸಂಭವ ತೀರ ಕಡಿಮೆ. ಹೀಗೆ ಪದಕ್ಕೆ ಪದವನ್ನು ಪೋಣಿಸುತ್ತ ಹೋಗುವ ಯಂತ್ರದ ಉತ್ತರಗಳನ್ನು, ಬಳಿಕ ಮನುಷ್ಯರ ಮೆಚ್ಚುಗೆಯನ್ನು ಅಳತೆಗೋಲಾಗಿಟ್ಟುಕೊಂಡು ಇನ್ನಷ್ಟು ತಿದ್ದುತ್ತಾರೆ. ಇಷ್ಟರಿಂದಲೇ ಅದು ಸಾಧಿಸುವ ಕಾರ್ಯಗಳು ನಿಜವಾಗಿಯೂ ಆಶ್ಚರ್ಯಕರವಾದುವು. ಇದೆಲ್ಲ ಬರಿಯ ಗಿಣಿಪಾಠವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಿದವನಲ್ಲ.

ಆದರೆ ಈ ಕ್ರಮದಿಂದ ಉಂಟಾಗುವ ಎರಡು ಪರಿಣಾಮಗಳು ನಿರ್ಣಯ ಮಾಡುವವರಿಗೆ ಮುಖ್ಯವಾದುವು. ಯಂತ್ರವು ಸರಿಯಾದುದನ್ನು ಹೇಳುವಾಗಲೂ ತಪ್ಪನ್ನು ಹೇಳುವಾಗಲೂ ಅದರ ಧಾಟಿ ಬಹುಮಟ್ಟಿಗೆ ಒಂದೇ. ಅನುಭವಿಯಾದ ಗುಮಾಸ್ತನು ತನಗೆ ಸಂಶಯವಿದ್ದಾಗ ತಲೆ ಕೆರೆದುಕೊಳ್ಳುತ್ತಾನೆ, ಮಾತನ್ನು ಎಳೆಯುತ್ತಾನೆ. ಯಜಮಾನನಿಗೆ ಅಷ್ಟೇ ಸೂಚನೆ ಸಾಕು. ಯಂತ್ರದ ಮಾತಿನಲ್ಲಿ ಆ ಎಡವು ಕಾಣುವುದು ಅಪರೂಪ. ಎರಡನೆಯದಾಗಿ, ಮೆಚ್ಚುಗೆಯಿಂದ ಪಳಗಿದ ಯಂತ್ರವು ಕೇಳುವವರ ಇಷ್ಟದ ಕಡೆಗೆ ವಾಲುತ್ತದೆ. ೨೦೨೫ರ ಏಪ್ರಿಲಿನಲ್ಲಿ ಓಪನ್‌ಎಐ ಸಂಸ್ಥೆಯು ತಾನು ಹೊರತಂದ ಒಂದು ಮಾರ್ಪಾಟನ್ನು, ಅದು ಬಳಸುವವರನ್ನು ಅತಿಯಾಗಿ ಹೊಗಳುತ್ತಿದೆಯೆಂಬ ಕಾರಣದಿಂದ, ಹಿಂದಕ್ಕೆ ತೆಗೆದುಕೊಂಡಿತು. ಯಜಮಾನರ ಸುತ್ತ ಹೌದಪ್ಪಗಳಿಗೆ ಎಂದೂ ಬರವಿದ್ದಿಲ್ಲ. ಸಂಬಳವಿಲ್ಲದ ಹೌದಪ್ಪನೊಬ್ಬ ಈಗ ಹೆಚ್ಚಾಗಿದ್ದಾನೆ.

ಹಾಗಾದರೆ ಯಂತ್ರವನ್ನು ಎಲ್ಲಿ ಕರೆಯಬೇಕು, ಎಲ್ಲಿ ಕರೆಯಬಾರದು? ಇದಕ್ಕೆ ಹರ್ಬರ್ಟ್ ಸೈಮನ್ ಅವರ ವಿಚಾರ ಇಂದಿಗೂ ಉಪಯುಕ್ತವಾಗಿದೆ. ಅವರು ೧೯೭೮ರಲ್ಲಿ ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪಾರಿತೋಷಕ ಪಡೆದವರು. ಅದಕ್ಕೂ ಬಹಳ ಹಿಂದೆ, ೧೯೫೬ರ ಹೊತ್ತಿಗೆ, ಅಲೆನ್ ನ್ಯೂವೆಲ್ ಮೊದಲಾದವರೊಡನೆ ತರ್ಕಶಾಸ್ತ್ರದ ಪ್ರಮೇಯಗಳನ್ನು ಸಾಧಿಸುವ ಗಣಕ ಕಾರ್ಯಕ್ರಮವನ್ನು ರಚಿಸಿದವರು. ಎಂದರೆ ಕೃತಕ ಬುದ್ಧಿಯ ಹಿರಿಯರಲ್ಲಿಯೂ ಒಬ್ಬರು. ನಿರ್ಣಯವೆಂಬುದು ಒಂದು ಕ್ಷಣದ ಕಾರ್ಯವಲ್ಲ, ಅದಕ್ಕೆ ಮೂರು ಘಟ್ಟಗಳಿವೆ ಎಂದು ಅವರು ೧೯೬೦ರಲ್ಲಿ ವಿವರಿಸಿದರು. ನಿರ್ಣಯ ಮಾಡಬೇಕಾದ ಸಂದರ್ಭ ಒದಗಿದೆಯೆಂದು ಕಂಡುಕೊಳ್ಳುವುದು ಮೊದಲನೆಯದು. ಸಾಧ್ಯವಾದ ಮಾರ್ಗಗಳನ್ನು ಕಲ್ಪಿಸುವುದು ಎರಡನೆಯದು. ಅವುಗಳಲ್ಲಿ ಒಂದನ್ನು ಆರಿಸುವುದು ಮೂರನೆಯದು.

ನನ್ನ ಅಭಿಪ್ರಾಯದಲ್ಲಿ ಯಂತ್ರದ ನಿಜವಾದ ಸ್ಥಾನ ನಡುವಣ ಘಟ್ಟ. ಹತ್ತು ಮಾರ್ಗಗಳನ್ನು ಸೂಚಿಸು ಎಂದರೆ ಅದು ಬೇಸರವಿಲ್ಲದೆ ಇಪ್ಪತ್ತನ್ನು ಸೂಚಿಸುತ್ತದೆ. ಮೊದಲ ಘಟ್ಟಕ್ಕೆ ಮಂಡಿಯಲ್ಲಿ ಓಡಾಡುವ ಕಾಲುಗಳೂ ಕೇಳುವ ಕಿವಿಗಳೂ ಬೇಕು. ಕೊನೆಯ ಘಟ್ಟಕ್ಕೆ ಫಲವನ್ನು ಅನುಭವಿಸುವವನು ಬೇಕು.

ಇದು ಬರಿಯ ಊಹೆಯಲ್ಲವೆಂಬುದನ್ನು ೨೦೨೩ರಲ್ಲಿ ನಡೆದ ಒಂದು ಪ್ರಯೋಗ ತೋರಿಸುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರೂ ಇತರರೂ ಸೇರಿ, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ವ್ಯವಹಾರ ಸಲಹಾ ಸಂಸ್ಥೆಯ ೭೫೮ ಮಂದಿಯನ್ನು ಪರೀಕ್ಷೆಗೆ ಒಡ್ಡಿದರು. ಕೆಲವರಿಗೆ ಜಿಪಿಟಿ-೪ ಎಂಬ ಯಂತ್ರದ ಸಹಾಯವಿತ್ತು, ಕೆಲವರಿಗೆ ಇರಲಿಲ್ಲ. ಹೊಸ ಬಗೆಯ ಪಾದರಕ್ಷೆಗೆ ಕಲ್ಪನೆಗಳನ್ನು ಹುಡುಕುವಂತಹ ಕೆಲಸಗಳಲ್ಲಿ ಯಂತ್ರವುಳ್ಳವರು ನೂರಕ್ಕೆ ೧೨ರಷ್ಟು ಹೆಚ್ಚು ಕೆಲಸ ಮುಗಿಸಿದರು. ನೂರಕ್ಕೆ ೨೫ರಷ್ಟು ಬೇಗನೆ ಮುಗಿಸಿದರು. ಗುಣದಲ್ಲಿಯೂ ಅವರ ಕೆಲಸವೇ ಮೇಲಾಯಿತು. ಇದು ಸೈಮನ್ನರ ಎರಡನೆಯ ಘಟ್ಟ.

ಇನ್ನೊಂದು ತಂಡಕ್ಕೆ ಕೊಟ್ಟದ್ದು ಬೇರೆಯ ಸಮಸ್ಯೆ. ಒಂದು ಉಡುಪಿನ ಕಂಪನಿಗೆ ಮೂರು ಬಗೆಯ ಮಾರಾಟವಿದೆ. ಯಾವುದರಲ್ಲಿ ಹಣ ಹೂಡಬೇಕೆಂದು ಅದರ ಮುಖ್ಯಸ್ಥನಿಗೆ ಸಲಹೆ ಕೊಡಬೇಕು. ಅಂಕಿಅಂಶಗಳ ಪಟ್ಟಿಯನ್ನು ಕೊಟ್ಟಿದ್ದರು. ಸಿಬ್ಬಂದಿಯೊಡನೆ ನಡೆಸಿದ ಸಂದರ್ಶನಗಳ ಟಿಪ್ಪಣಿಗಳನ್ನೂ ಕೊಟ್ಟಿದ್ದರು. ಪಟ್ಟಿಯಷ್ಟನ್ನೇ ನೋಡಿದರೆ ಒಂದು ಉತ್ತರ ತೋರುತ್ತಿತ್ತು. ಸಂದರ್ಶನಗಳಲ್ಲಿ ಸಿಬ್ಬಂದಿ ಆಡಿದ ಮಾತುಗಳನ್ನು ಸೂಕ್ಷ್ಮವಾಗಿ ಓದಿದವರಿಗೆ ಬೇರೊಂದು ಉತ್ತರ ಕಾಣುತ್ತಿತ್ತು. ಯಂತ್ರವಿಲ್ಲದವರಲ್ಲಿ ನೂರಕ್ಕೆ ಸುಮಾರು ೮೪ ಮಂದಿ ಸರಿಯಾದ ನಿರ್ಣಯಕ್ಕೆ ಬಂದರು. ಯಂತ್ರವುಳ್ಳವರಲ್ಲಿ ಹಾಗೆ ಬಂದವರು ೬೦ರಿಂದ ೭೦ ಮಾತ್ರ. ಯಂತ್ರವನ್ನು ಬಳಸುವ ಬಗೆಯನ್ನು ಮುಂಚಿತವಾಗಿ ಹೇಳಿಸಿಕೊಂಡವರೇ ೬೦ರ ಗುಂಪಿನವರು! ಇದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ: ನಿರ್ಣಯ ತಪ್ಪಾಗಿದ್ದಾಗಲೂ, ಯಂತ್ರದ ನೆರವಿನಿಂದ ಬರೆದ ಸಲಹೆಗಳು ಬರವಣಿಗೆಯ ಗುಣಕ್ಕಾಗಿ ಹೆಚ್ಚು ಅಂಕ ಪಡೆದುವು. ತಪ್ಪು ಸಲಹೆ ಚೆಲುವಾದ ಉಡುಪು ತೊಟ್ಟು ಬಂದರೆ ಅದನ್ನು ಬಾಗಿಲಲ್ಲಿ ತಡೆಯುವವರು ಯಾರು?

ಅಲ್ಲಿಂದೀಚೆಗೆ ಯಂತ್ರಗಳು ಬಹಳ ಸುಧಾರಿಸಿವೆ. ಅಂದಿನ ಆ ಸಮಸ್ಯೆಯನ್ನು ಇಂದಿನ ಯಂತ್ರ ಸರಿಯಾಗಿಯೇ ಬಿಡಿಸಬಹುದು. ಇದನ್ನು ಒಪ್ಪೋಣ. ಯಂತ್ರದ ಸಾಮರ್ಥ್ಯದ ಗಡಿ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತಿದೆ. ಆದರೆ ಆ ಗಡಿಗೆ ಬೇಲಿಯಿಲ್ಲ, ಗಡಿಕಲ್ಲೂ ಇಲ್ಲ. ಯಾವ ಪ್ರಶ್ನೆ ಈಚೆಗಿದೆ, ಯಾವುದು ಆಚೆಗಿದೆ ಎಂಬುದನ್ನು ಆ ವಿಷಯ ಬಲ್ಲ ಮನುಷ್ಯನೇ ಹೇಳಬೇಕು.

ಗಡಿಯನ್ನು ಕಾಯದಿದ್ದರೆ ಆಗುವುದೇನೆಂಬುದಕ್ಕೆ ಉದಾಹರಣೆಗಳು ಆಗಲೇ ದೊರೆತಿವೆ. ಡೆಲಾಯ್ಟ್ ಸಂಸ್ಥೆಯು ಆಸ್ಟ್ರೇಲಿಯಾ ಸರ್ಕಾರಕ್ಕಾಗಿ ಸುಮಾರು ೪,೪೦,೦೦೦ ಆಸ್ಟ್ರೇಲಿಯನ್ ಡಾಲರುಗಳ ಕರಾರಿನ ಮೇಲೆ ಸಿದ್ಧಪಡಿಸಿದ ವರದಿಯೊಂದು ೨೦೨೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಲ್ಲದ ಗ್ರಂಥಗಳ ಉಲ್ಲೇಖವಿತ್ತು. ನ್ಯಾಯಾಲಯದ ತೀರ್ಪಿನದೆಂದು ಕೊಟ್ಟ ಮಾತೊಂದು ಆ ತೀರ್ಪಿನಲ್ಲಿ ಇರಲೇ ಇಲ್ಲ. ತಿದ್ದಿದ ಪ್ರತಿಯಲ್ಲಿ ಕೃತಕ ಬುದ್ಧಿಯನ್ನು ಬಳಸಿದುದನ್ನು ತಿಳಿಸಲಾಯಿತು; ಹಣದ ಕೊನೆಯ ಕಂತನ್ನು ಹಿಂದಿರುಗಿಸಲು ಸಂಸ್ಥೆ ಒಪ್ಪಿತು. ಕೆನಡಾದಲ್ಲಿ ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಸಂಭಾಷಣಾ ಯಂತ್ರವೊಂದು, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನಿಗೆ ರಿಯಾಯಿತಿಯ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟಿತು. ವ್ಯಾಜ್ಯ ನ್ಯಾಯಮಂಡಲಿಯ ಮುಂದೆ ಹೋದಾಗ, ಆ ಯಂತ್ರವು ತನ್ನ ಕೃತ್ಯಗಳಿಗೆ ತಾನೇ ಹೊಣೆ ಎಂಬ ಧಾಟಿಯಲ್ಲಿ ಸಂಸ್ಥೆ ವಾದಿಸಿತಂತೆ! ನ್ಯಾಯಮಂಡಲಿಯು ೨೦೨೪ರ ಫೆಬ್ರವರಿಯಲ್ಲಿ ಈ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಮೊತ್ತವೇನೋ ಸುಮಾರು ೮೧೨ ಕೆನಡಿಯನ್ ಡಾಲರು ಮಾತ್ರ; ಪ್ರಶ್ನೆ ಮಾತ್ರ ಚಿಕ್ಕದಲ್ಲ. ಯಂತ್ರವನ್ನು ಜೈಲಿಗೆ ಕಳುಹಿಸಲಾಗದು, ಅದರ ಮಾನ ಹೋಗದು, ಅದು ರಾತ್ರಿ ನಿದ್ದೆಗೆಡುವುದೂ ಇಲ್ಲ.

ಇದುವರೆಗೆ ಹೇಳಿದ್ದು ಇಂದಿನ ಯಜಮಾನರ ಮಾತು. ನಾಳೆ ಅವರ ಸ್ಥಾನದಲ್ಲಿ ಕೂರಬೇಕಾದವರು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳು. ಅವರಿಗೆ ಸಂಬಂಧಿಸಿದ ಇನ್ನೊಂದು ಅಧ್ಯಯನವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಯಾಲ್ಫ್‌ಸನ್ ಮತ್ತು ಅವರ ಸಂಗಡಿಗರು, ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಐದು ಸಾವಿರಕ್ಕೂ ಹೆಚ್ಚು ನೌಕರರ ಕೆಲಸವನ್ನು ಪರಿಶೀಲಿಸಿದರು. ಯಂತ್ರದ ಸಲಹೆ ದೊರೆತಮೇಲೆ ಅವರ ಕಾರ್ಯಸಾಮರ್ಥ್ಯ ಸರಾಸರಿಯಲ್ಲಿ ನೂರಕ್ಕೆ ೧೪–೧೫ರಷ್ಟು ಏರಿತು. ಹೊಸಬರಲ್ಲಿ ಈ ಏರಿಕೆ ೩೦ನ್ನು ಮೀರಿತು, ನುರಿತವರಲ್ಲಿ ಅತ್ಯಲ್ಪ. ಇದಕ್ಕೇನು ಕಾರಣ? ನುರಿತವರ ಸಂಭಾಷಣೆಗಳಿಂದಲೇ ಯಂತ್ರವು ಕಲಿತಿತ್ತು. ಹಿರಿಯರ ಜಾಣ್ಮೆಯನ್ನು ಅದು ಕಿರಿಯರಿಗೆ ದಾಟಿಸಿತು.

ಇದು ಸಂತೋಷದ ಸುದ್ದಿಯೇ ಸರಿ. ಆದರೂ ಒಂದು ಸಂದೇಹ ಉಳಿಯುತ್ತದೆ. ಆ ನುರಿತವರು ನುರಿತವರಾದದ್ದು ಹೇಗೆ? ವರ್ಷಗಟ್ಟಲೆ ಸಣ್ಣ ಸಣ್ಣ ನಿರ್ಣಯಗಳನ್ನು ತಾವೇ ಮಾಡಿ, ಕೆಲವನ್ನು ಕೆಡಿಸಿ, ಬೈಸಿಕೊಂಡು. ಗಣಕ ಬಂದಾಗ ಮಗ್ಗಿ ಮರೆತರೇನು ನಷ್ಟವೆಂದು ಕೇಳಿದವರಿದ್ದರು. ಈಗಲೂ ಹಾಗೆಯೇ ಕೇಳುತ್ತಾರೆ. ಎರಡೂ ಒಂದೇ ಅಲ್ಲ. ಗುಣಾಕಾರ ಸರಿಯೋ ತಪ್ಪೋ ಎಂಬುದನ್ನು ಇನ್ನೊಂದು ಗಣಕದಿಂದ ಪರೀಕ್ಷಿಸಬಹುದು. ವ್ಯಾಪಾರಿಗೆ ಉದ್ರಿ ಕೊಟ್ಟದ್ದು ಸರಿಯೇ ಎಂಬುದನ್ನು ಮೂರು ತಿಂಗಳು ಕಾದು ನೋಡಬೇಕು. ಇಪ್ಪತ್ತು ಬಾರಿ ಹಾಗೆ ಕಾದವನಿಗೆ ಬರುವ ವಿವೇಚನೆ, ಇಪ್ಪತ್ತು ಸಲವೂ ಯಂತ್ರದ ಮಾತಿನಂತೆ ನಡೆದವನಿಗೆ ಬರುವುದೆಂದು ನನಗೆ ತೋರುವುದಿಲ್ಲ. ರುಜು ಹಾಕುವ ಅಧಿಕಾರ ಅವನಿಗೂ ಒಂದು ದಿನ ಬರುತ್ತದೆ. ರುಜುವಿನ ಹಿಂದೆ ಇರಬೇಕಾದದ್ದು ಆ ಹೊತ್ತಿಗೆ ಎಲ್ಲಿಂದ ಬಂದೀತು?

ಆದಕಾರಣ ಯಂತ್ರವನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ; ಕೇಳುವ ಅನುಕ್ರಮವನ್ನು ಬದಲಿಸಬೇಕೆಂದು ಹೇಳುತ್ತಿದ್ದೇನೆ. ಮೊದಲು ತನ್ನ ನಿರ್ಣಯವನ್ನೂ ಅದರ ಕಾರಣವನ್ನೂ ನಾಲ್ಕು ಸಾಲಿನಲ್ಲಿ ಬರೆದಿಡಬೇಕು. ಆಮೇಲೆ ಯಂತ್ರವನ್ನು ಕರೆದು, ‘ಇದು ಸರಿಯೇ?’ ಎಂದಲ್ಲ, ‘ಇದು ಹೇಗೆ ಕೆಟ್ಟೀತು?’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಹೌದಪ್ಪನು ಉತ್ತರ ಕೊಡುತ್ತಾನೆ. ಎರಡನೆಯದಕ್ಕೆ ಅದೇ ಯಂತ್ರ ಒಳ್ಳೆಯ ಪ್ರತಿವಾದಿಯಾಗಬಲ್ಲದು. ನಮ್ಮ ವಾಣಿಜ್ಯ ಕಾಲೇಜುಗಳಲ್ಲಿ ಇದನ್ನು ಈ ವರ್ಷವೇ ಅಭ್ಯಾಸಕ್ಕೆ ತರಬಹುದು. ಊರಿನ ಒಂದು ಅಂಗಡಿಯ ನಿಜವಾದ ಸಮಸ್ಯೆಯನ್ನು ಅಂಗಡಿಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ತರಗತಿಗೆ ಕೊಡಲಿ. ಅರ್ಧ ವಿದ್ಯಾರ್ಥಿಗಳು ಅಂಗಡಿಗೆ ಹೋಗಿ ಮಾತನಾಡಿ ಬಂದು ಬರೆಯಲಿ; ಉಳಿದರ್ಧ ಯಂತ್ರವನ್ನು ಕೇಳಿ ಬರೆಯಲಿ. ಎರಡೂ ಉತ್ತರಗಳನ್ನು ಒಂದು ನೋಟುಬುಕ್ಕಿನಲ್ಲಿ ಅಂಟಿಸಿ, ಆರು ತಿಂಗಳ ಮೇಲೆ ಅಂಗಡಿಯವರನ್ನೇ ತರಗತಿಗೆ ಕರೆದು ಓದಿಸಲಿ.