ಹೆತ್ತವರು ಕದ್ದೊಯ್ದ ಮಕ್ಕಳು

ಗಂಡಹೆಂಡಿರು ಅಗಲಿದ ಮನೆಯಿಂದ ಮಗುವೊಂದು ಕಾಣೆಯಾಯಿತೆಂದೂ, ಅದನ್ನು ಕೊಂಡೊಯ್ದವನು ಅದರ ತಂದೆಯೇ ಎಂದೂ ತಿಳಿದೊಡನೆ, ಊರಿನ ಸಭ್ಯರು ನಿಟ್ಟುಸಿರುಬಿಟ್ಟು “ಹಾಗಾದರೆ ಭಯವಿಲ್ಲ, ಹೆತ್ತವನ ಬಳಿಯಲ್ಲಿಯೇ ಇರುವುದಷ್ಟೆ” ಎಂದು ಮನೆಗೆ ತೆರಳುವರು. ಕೊಂಡೊಯ್ದವಳು ತಾಯಿಯಾದರಂತೂ ಈ ಸಮಾಧಾನವು ಇಮ್ಮಡಿಯಾಗುವುದು. ಪೋಲೀಸು ಠಾಣೆಯಲ್ಲಿ ಅದೇ ಮಾತನ್ನು ತುಸು ಗಡುಸಾಗಿ ಆಡುವರು: ಇದು ಸಂಸಾರದ ಜಗಳ, ನ್ಯಾಯಾಲಯಕ್ಕೆ ಹೋಗಿರಿ. ಪರರು ಕದ್ದ ಮಗುವಿಗಾಗಿ ಊರಿಗೆ ಊರೇ ಹುಡುಕುವುದುಂಟು. ಹೆತ್ತವರಲ್ಲೊಬ್ಬರು ಕದ್ದ ಮಗುವಿಗಾಗಿ ಹುಡುಕುವ ಜೀವವು ಲೋಕದಲ್ಲಿ ಒಂದೇ, ಉಳಿದ ಇನ್ನೊಬ್ಬರದು.

ಇದನ್ನು ಅಪಹರಣವೆಂದು ಕರೆದರೆ ಹಲವರಿಗೆ ಕೋಪ ಬರುವುದು. ‘ಹೃ’ ಧಾತುವಿಗೆ ಹರಣವೇ ಅರ್ಥ. ‘ಅಪ’ ಎಂಬ ಉಪಸರ್ಗವು ಸೇರಿದಾಗ ಇದ್ದೆಡೆಯಿಂದ ದೂರಕ್ಕೆ ಒಯ್ಯುವುದೆಂದಾಯಿತು. ಒಯ್ಯುವವನು ಪರಕೀಯನಾಗಿಯೇ ಇರತಕ್ಕದ್ದೆಂದು ಯಾವ ವೈಯಾಕರಣನೂ ವಿಧಿಸಿಲ್ಲ. ಮಗುವಿನ ಕಡೆಯಿಂದ ನೋಡಿದರೆ ನಷ್ಟದಲ್ಲಿ ಏನು ಭೇದವುಂಟು? ನಿನ್ನೆಯವರೆಗೆ ಇದ್ದ ಶಾಲೆಯಿಲ್ಲ, ಗೆಳೆಯರಿಲ್ಲ, ಮಲಗುತ್ತಿದ್ದ ಹಾಸಿಗೆಯಿಲ್ಲ, ಕತೆ ಹೇಳುತ್ತಿದ್ದ ಅಜ್ಜಿಯಿಲ್ಲ. ಕೇಳಿದರೆ “ಅಮ್ಮ ತೀರಿಕೊಂಡಳು” ಎಂದೋ, “ನಿನ್ನಪ್ಪನಿಗೆ ನೀನು ಬೇಡವಂತೆ” ಎಂದೋ ಉತ್ತರ. ಪರಕೀಯನಾದ ಕಳ್ಳನು ಮಗುವನ್ನು ತಾಯಿಯಿಂದ ದೂರ ಮಾಡಿದರೂ, ತಾಯಿಗೆ ನೀನು ಬೇಡವಾದೆಯೆಂದು ಅದನ್ನು ನಂಬಿಸುವ ಗೋಜಿಗೆ ಸಾಮಾನ್ಯವಾಗಿ ಹೋಗನು.

ಪುರಾಣವನ್ನು ಬಲ್ಲವರು ಗಂಗಾದೇವಿಯ ನಿದರ್ಶನವನ್ನು ಎತ್ತುವುದುಂಟು: ಆಕೆಯೂ ದೇವವ್ರತನನ್ನು ಶಂತನುವಿನ ಬಳಿಯಿಂದ ಒಯ್ದಳಲ್ಲವೆ? ಒಯ್ದಳು, ನಿಜ. ಆದರೆ ವಸಿಷ್ಠರಲ್ಲಿ ವೇದವನ್ನು ಓದಿಸಿ, ಪರಶುರಾಮನಿಗೆ ತಿಳಿದ ಅಸ್ತ್ರವಿದ್ಯೆಯೆಲ್ಲ ಕರಗತವಾಗುವಂತೆ ಮಾಡಿ, ಇವನು ನಿನ್ನ ಮಗನೆಂದು ಕೈಹಿಡಿದು ತಂದೆಗೆ ತಾನಾಗಿ ಒಪ್ಪಿಸಿದಳು. ತಂದೆಯ ಹೆಸರನ್ನು ಮಗನಿಂದ ಮರೆಸಿದಳೆಂದು ವ್ಯಾಸರು ಹೇಳಲಿಲ್ಲ. ಈ ಕಾಲದ ಗಂಗೆಯರೂ ಶಂತನುಗಳೂ ಆ ಕಥೆಯ ಪೂರ್ವಾರ್ಧವನ್ನಷ್ಟೇ ಓದಿಕೊಂಡಂತೆ ತೋರುವುದು.

ಮಹಾಉಮ್ಮಗ್ಗ ಜಾತಕದಲ್ಲಿ ಬರುವ ವ್ಯಾಜ್ಯವು ಇದಕ್ಕಿಂತ ಹತ್ತಿರದ್ದು. ಒಂದು ಕೂಸಿಗಾಗಿ ತಾಯಿಗೂ ಯಕ್ಷಿಣಿಗೂ ಜಗಳವಾಗಲು, ಮಹೋಷಧ ಪಂಡಿತನು ನೆಲದಲ್ಲಿ ಗೆರೆಯೆಳೆದು, ಕೂಸನ್ನು ಅದರ ಮೇಲಿಟ್ಟು, ಒಬ್ಬಳು ಕೈಗಳನ್ನೂ ಒಬ್ಬಳು ಕಾಲುಗಳನ್ನೂ ಹಿಡಿದು ಎಳೆಯಿರಿ, ಎಳೆದುಕೊಂಡವಳಿಗೆ ಮಗು ಎಂದನು. ಕೂಸು ನೋವಿನಿಂದ ಅಳಲು, ಒಬ್ಬಳು ಕೈಬಿಟ್ಟು ಅಳುತ್ತ ನಿಂತಳು. ಕೈಬಿಟ್ಟವಳಿಗೇ ಪಂಡಿತನು ಮಗುವನ್ನು ಕೊಡಿಸಿದನು. ಇಂದಿನ ಭಾರತದ ಶಾಸನಕ್ರಮವು ಈ ತೀರ್ಪನ್ನು ತಲೆಕೆಳಗು ಮಾಡಿದೆ. ಇಲ್ಲಿ ಎಳೆದವರಿಗೆ ಮಗು. ನೋಯುವುದೆಂದು ಕೈಬಿಟ್ಟು ನ್ಯಾಯಾಲಯದ ಬಾಗಿಲಲ್ಲಿ ನಿಂತವರಿಗೆ ವಾಯಿದೆಗಳು.

ಹೇಗೆಂದರೆ: ಪಾಲಕರ ಮತ್ತು ಪಾಲ್ಯರ ಶಾಸನವು 1890ನೆಯ ಇಸವಿಯದು. ವಿಮಾನವಿಲ್ಲದ ಆ ಕಾಲದಲ್ಲಿ ಮಗುವು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಅಧಿಕಾರವೆಂದರೆ ಅರ್ಥವಾಗುತ್ತಿತ್ತು. ಈಗ ಒಂದು ರಾತ್ರಿಯಲ್ಲಿ ಊರು ಬದಲಾಗುವುದರಿಂದ, ಸಾಮಾನ್ಯ ವಾಸವು ಯಾವುದೆಂಬ ವಾದವೇ ತಿಂಗಳುಗಟ್ಟಲೆ ನಡೆಯುವುದು. 1956ರ ಹಿಂದೂ ಅಪ್ರಾಪ್ತವಯಸ್ಕರ ಶಾಸನವು ತಂದೆಯನ್ನೂ ಅವನ ಅನಂತರ ತಾಯಿಯನ್ನೂ ಸಹಜಪಾಲಕರೆಂದಿತು. ಆ ‘ಅನಂತರ’ವೆಂದರೆ ತಂದೆಯ ಮರಣಾನಂತರವೇ ಆಗಬೇಕಿಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ವ್ಯಾಖ್ಯಾನಿಸಿತು. ಅಪಹರಣದ ದಂಡವಿಧಿಯಾದರೋ, ಹಿಂದೆ ದಂಡಸಂಹಿತೆಯ 361ನೆಯ ಕಲಮಾಗಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 137ನೆಯ ಕಲಮಾಗಿದೆ. ನ್ಯಾಯಸಮ್ಮತ ಪಾಲಕರ ವಶದಿಂದ ಒಯ್ದರೆ ಮಾತ್ರ ಅಪರಾಧ. ಒಯ್ದವನೇ ಪಾಲಕನಾದರೆ ಅಪರಾಧವೆಲ್ಲಿ? ನ್ಯಾಯಾಲಯದ ನಿಷೇಧಾಜ್ಞೆಯಿಲ್ಲದಿರುವಾಗ ತಂದೆಯ ಮೇಲೆ ಈ ದೋಷವನ್ನು ಹೊರಿಸಲಾಗದೆಂದು ಮುಂಬಯಿ ಹೈಕೋರ್ಟಿನ ನಾಗಪುರ ಪೀಠವು 2023ರಲ್ಲಿ ಹೇಳಿತು. ಅಕ್ಷರಾರ್ಥದಲ್ಲಿ ಅದು ಸರಿಯೇ ಇರಬಹುದು. ಆದರೆ ಇಂತಹ ಅಕ್ಷರವನ್ನು ಉಳಿಸಿಕೊಂಡ ಶಾಸನಕರ್ತರು, ಮೊದಲು ಒಯ್ದವನೇ ಗೆದ್ದವನೆಂದು ಡಂಗುರ ಸಾರಿದಂತಾಯಿತು.

ಕಾಣೆಯಾದ ಮಗುವಿನ ದೂರು ಬಂದರೆ ತಪ್ಪದೆ ಪ್ರಥಮ ವರ್ತಮಾನವನ್ನು ದಾಖಲಿಸಿಕೊಂಡು, ಅಪಹರಣ ಇಲ್ಲವೆ ಮಾನವ ಸಾಗಾಟವೆಂದು ಭಾವಿಸಿಯೇ ತನಿಖೆಯನ್ನು ನಡೆಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಆಜ್ಞಾಪಿಸಿತು. ಉತ್ತಮವಾದ ಆಜ್ಞೆ. ಆದರೆ ಒಯ್ದವರು ಯಾರೆಂದು ಗೊತ್ತಿದ್ದರೆ ಆ ಮಗುವನ್ನು ಕಾಣೆಯಾದವರ ಪಟ್ಟಿಯಲ್ಲಿ ಸೇರಿಸುವ ಮನಸ್ಸೇ ಠಾಣೆಗಳಿಗಿಲ್ಲ. ಯಾರೆಂದು ತಿಳಿದು ಎಲ್ಲಿಯೆಂದು ತಿಳಿಯದಿದ್ದರೆ ಮಗುವು ಕಾಣೆಯಾಗಿಲ್ಲವೆಂಬ ತರ್ಕವು ಯಾವ ನ್ಯಾಯಶಾಸ್ತ್ರದ್ದೋ!

ಅಪಹರಿಸಿದವರ ನಿಜವಾದ ಮಿತ್ರನು ಕಾಲ. ಅರ್ಜಿ, ಆಕ್ಷೇಪಣೆ, ಮೇಲ್ಮನವಿಗಳಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಮಗುವು ಹೊಸ ಊರಿಗೆ ಹೊಂದಿಕೊಂಡಿರುವುದು. ಆಗ ವಕೀಲರು ಎದ್ದು ನಿಂತು, ನೆಲೆಯೂರಿದ ಸಸಿಯನ್ನು ಕೀಳಬಾರದು, ಮಗುವಿನ ಕ್ಷೇಮವೇ ಪರಮ ಎನ್ನುವರು. ಆ ಸಸಿಯನ್ನು ಮೊದಲು ಕಿತ್ತವರು ಯಾರೆಂಬ ಪ್ರಶ್ನೆಯು ಹಿಂದೆ ಸರಿಯುವುದು. ಕ್ಷೇಮವೆಂಬ ಪವಿತ್ರವಾದ ಮಾತೇ ಕೃತ್ಯದ ಫಲವನ್ನು ಕಾಯುವ ಬೇಲಿಯಾಗುವುದು.

ಸಮುದ್ರದಾಚೆಯಿಂದ ಕರೆತಂದ ಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಅಮೇರಿಕೆಗೆ ಉದ್ಯೋಗಾರ್ಥವಾಗಿ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ದೂರದ ಸಂಗತಿಯಲ್ಲ. ವಿದೇಶದ ನ್ಯಾಯಾಲಯದ ಆಜ್ಞೆಗೆ ಎಷ್ಟು ಮನ್ನಣೆ ಸಲ್ಲಬೇಕೆಂಬುದರಲ್ಲಿ ಸುಪ್ರೀಂ ಕೋರ್ಟಿನ ಮಾತೇ ಒಂದೆಡೆ ನಿಂತಿಲ್ಲ. 2015ರಲ್ಲಿ ಆ ಆಜ್ಞೆಗೆ ಹೆಚ್ಚಿನ ತೂಕ ದೊರಕಿತು; 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದು ಪರಿಗಣಿಸತಕ್ಕ ಅಂಶಗಳಲ್ಲಿ ಒಂದು ಮಾತ್ರವೆಂದಿತು. 2020ರಲ್ಲಿ ಅಮೇರಿಕೆಯಿಂದ ಕರೆತಂದ ಬಾಲಕನೊಬ್ಬನ ವ್ಯಾಜ್ಯವು ಕರ್ಣಾಟಕದ ಹೈಕೋರ್ಟನ್ನು ದಾಟಿ ಮೇಲಕ್ಕೆ ಹೋಗಿ, 2022ರ ಜುಲೈ ತಿಂಗಳಿನಲ್ಲಿ ಅವನು ಹಿಂದಿರುಗಬೇಕೆಂದು ತೀರ್ಮಾನವಾಯಿತು. ಎರಡು ವರ್ಷಗಳೆಂದರೆ ದೊಡ್ಡವರಿಗೆ ಒಂದು ವ್ಯಾಜ್ಯದ ಅವಧಿ. ಹತ್ತರ ಆಸುಪಾಸಿನ ಬಾಲಕನಿಗೆ ನೆನಪಿರುವ ಆಯುಷ್ಯದ ಕಾಲುಭಾಗವೇ ಸರಿ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಹಾಲೆಂಡಿನ ಹೇಗ್ ಪಟ್ಟಣದಲ್ಲಿ 1980ರಲ್ಲಿ ಸಿದ್ಧವಾದ ಒಪ್ಪಂದಕ್ಕೆ ನೂರಕ್ಕೂ ಮಿಕ್ಕಿದ ರಾಷ್ಟ್ರಗಳು ಸೇರಿವೆ. ಅದರ ಸಾರವು ಸರಳ: ಹದಿನಾರರ ಒಳಗಿನ ಮಗುವನ್ನು ಅಕ್ರಮವಾಗಿ ಒಯ್ದರೆ ಅದನ್ನು ಮೊದಲು ಇದ್ದ ದೇಶಕ್ಕೆ ಬೇಗನೆ ಕಳುಹಿಸತಕ್ಕದ್ದು, ಯಾರ ಬಳಿಯಲ್ಲಿರಬೇಕೆಂಬ ವಿಚಾರವು ಅಲ್ಲಿಯೇ ನಡೆಯತಕ್ಕದ್ದು. ಒಂದು ವರ್ಷದೊಳಗೆ ಅರ್ಜಿ ಹಾಕಿದರೆ, ಮಗು ಹೊಂದಿಕೊಂಡಿದೆಯೆಂಬ ನೆಪವು ನಡೆಯದು. ಶ್ರೀಲಂಕೆಯು 2001ರಲ್ಲಿ ಸೇರಿತು, ಜಪಾನು 2014ರಲ್ಲಿ, ಪಾಕಿಸ್ತಾನವು 2016ರಲ್ಲಿ. ಭಾರತವು ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗವು 2009ರಲ್ಲಿ ಹೇಳಿತು. 2016ರಲ್ಲಿ ಮಸೂದೆಯೊಂದು ಸಿದ್ಧವಾಯಿತು. ನ್ಯಾಯಮೂರ್ತಿ ರಾಜೇಶ್ ಬಿಂದಲರ ಸಮಿತಿಯು 2018ರಲ್ಲಿ ವರದಿಯನ್ನೊಪ್ಪಿಸಿತು. ಆ ವರ್ಷ ಹುಟ್ಟಿದ ಕೂಸುಗಳು ಶಾಲೆಯ ಮೆಟ್ಟಿಲನ್ನು ಹತ್ತಿದರೂ ಮಸೂದೆಯು ಶಾಸನವಾಗಲಿಲ್ಲ.

ಸರಕಾರದ ಆಕ್ಷೇಪಣೆಯೊಂದು ತಳ್ಳಿಹಾಕತಕ್ಕದ್ದಲ್ಲ. ಪರದೇಶದಲ್ಲಿ ಗಂಡನ ಹೊಡೆತವನ್ನು ತಾಳಲಾರದೆ, ಕೈಯಲ್ಲಿ ಕಾಸಿಲ್ಲದೆ, ಕೂಸನ್ನೆತ್ತಿಕೊಂಡು ತವರಿಗೆ ಓಡಿಬಂದ ಹೆಣ್ಣುಮಗಳನ್ನು ಕಳ್ಳಿಯೆನ್ನಬಹುದೆ? ಎನ್ನಲಾಗದು, ಎಂದವನು ಮನುಷ್ಯನಲ್ಲ. ಮಗುವಿಗೆ ಘೋರವಾದ ಅಪಾಯವಿದ್ದರೆ ಕಳುಹಿಸಬೇಕಾಗಿಲ್ಲವೆಂದು ಒಪ್ಪಂದದ 13ನೆಯ ಕಲಮಿನಲ್ಲಿ ಇದ್ದರೂ, ತಾಯಿಯ ಮೇಲಿನ ಹಿಂಸೆಯನ್ನು ಅದು ಹೆಸರಿಸುವುದಿಲ್ಲ. ಹಾಗಾದರೆ ಇಲ್ಲಿಯ ಶಾಸನದಲ್ಲಿ ಅದನ್ನು ಹೆಸರಿಸಿ ಬರೆಯುವುದಕ್ಕೆ ಅಡ್ಡಿಯೇನು? ಓಡಿಬಂದವಳು ಬೇರೆ, ಅಡಗಿಸಿಟ್ಟವಳು ಬೇರೆ. ಮೊದಲನೆಯವಳು ಹೊಡೆಯುವವನಿಂದ ವಿಳಾಸವನ್ನು ಮುಚ್ಚಿಟ್ಟಾಳು, ನ್ಯಾಯಾಧೀಶನಿಂದ ಮುಚ್ಚಿಡಳು. ಇವರಿಬ್ಬರನ್ನು ಬೇರ್ಪಡಿಸುವ ಶ್ರಮವನ್ನು ತಪ್ಪಿಸಿಕೊಳ್ಳಲು ಇಬ್ಬರಿಗೂ ಬಾಗಿಲು ತೆರೆದಿಡುವುದು ಸ್ತ್ರೀರಕ್ಷಣೆಯೆನಿಸದು. ಅದೇ ಬಾಗಿಲಿನಿಂದ ಗಂಡಸರೂ ಮಕ್ಕಳನ್ನೊಯ್ಯುತ್ತಿರುವರು. ಆಗ ಪರದೇಶದಲ್ಲಿ ಬರಿಗೈಯಲ್ಲಿ ಉಳಿಯುವವಳು ಹೆಣ್ಣೇ.

ಇನ್ನು ಸರಕಾರವನ್ನು ಬಿಟ್ಟು ಮನೆಗಳಿಗೆ ಬರತಕ್ಕದ್ದು. ಒಂಟಿಯಾಗಿ ಯಾರೂ ಮಗುವನ್ನು ವರ್ಷಗಟ್ಟಲೆ ಬಚ್ಚಿಡಲಾರರು. ಸೋದರಮಾವನ ಮೋಟಾರು, ಅತ್ತೆಯ ಮನೆಯ ಮಾಳಿಗೆ, ತಾತನ ಪಿಂಚಣಿಯ ಹಣ, ಇವೆಲ್ಲ ಸೇರಿದರೆ ತಾನೆ ಆ ಕೆಲಸ ನಡೆಯುವುದು? ಪತ್ರಿಕೆಗಳನ್ನೋದುವ, ಹಬ್ಬಹರಿದಿನಗಳನ್ನು ತಪ್ಪದೆ ಆಚರಿಸುವ ಮನೆಗಳವು. “ಮಗುವೇ ಮಾತಾಡಲು ಒಲ್ಲೆನೆನ್ನುತ್ತದೆ” ಎಂದು ದೂರವಾಣಿಯನ್ನು ಕೆಳಗಿಡುವ ಅಜ್ಜಿಯು ಅದೇ ಸಂಜೆ ದೇವರ ಮುಂದೆ ಆ ಮಗುವಿನ ಆಯುರಾರೋಗ್ಯವನ್ನು ಬೇಡುವಳು.

ಶಾಲೆಗಳಿಗೂ ಇದರಲ್ಲಿ ಪಾಲುಂಟು. ವರ್ಗಾವಣೆಯ ಪತ್ರವಿಲ್ಲವೆಂದು ಮಗುವನ್ನು ಸೇರಿಸಿಕೊಳ್ಳದಿರಲಾಗದೆಂದು 2009ರ ಶಿಕ್ಷಣ ಹಕ್ಕಿನ ಶಾಸನವು ವಿಧಿಸಿದೆ. ಬಡವರ ಮಕ್ಕಳಿಗೆ ಅದು ವರವಾಗಿರುವುದರಿಂದ ಹಾಗೆಯೇ ಇರತಕ್ಕದ್ದು. ಆದರೆ ವರ್ಷದ ನಡುವೆ, ಹಿಂದಿನ ಶಾಲೆಯ ಕಾಗದವೊಂದೂ ಇಲ್ಲದೆ, ತಂದೆತಾಯಿಗಳಲ್ಲೊಬ್ಬರ ಹೆಸರಿನೆಡೆಯಲ್ಲಿ ಅಡ್ಡಗೆರೆಯೆಳೆದು ಮಗುವನ್ನು ಸೇರಿಸಲು ಯಾರಾದರೂ ಬಂದರೆ, ಸೇರಿಸಿಕೊಂಡ ಮುಖ್ಯೋಪಾಧ್ಯಾಯರು ಅದೇ ದಿನ ಹಿಂದಿನ ಶಾಲೆಗೆ ಎರಡು ಸಾಲಿನ ಪತ್ರವನ್ನು ಬರೆಯುವುದನ್ನು ಯಾವ ಶಾಸನವೂ ತಡೆಯದು. ಹಿಂದಿನ ಶಾಲೆ ಯಾವುದೆಂದು ದೊಡ್ಡವರು ಹೇಳದಿದ್ದರೆ, ಮಗುವನ್ನು ಕೇಳಿದರೆ ಹೇಳೀತು. ತನ್ನ ತರಗತಿಯ ಹೆಸರನ್ನೂ, ಪಕ್ಕದಲ್ಲಿ ಕುಳಿತಿದ್ದವನ ಹೆಸರನ್ನೂ ಅದು ಅಷ್ಟು ಬೇಗ ಮರೆತಿರದು.