ನಳದ ಸರದಿ ವಾರದೊಳಗೆ ಬರಲಿ, ಕೂಸುಗಳ ಜ್ವರದ ಮೇಲೆ ಕಣ್ಣಿರಲಿ

ಹಾವೇರಿ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳ ಆಡಳಿತದವರಿಗೆ,

ಮಾನ್ಯರೇ,

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಎಂಟ್ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೀರಿನ ಪಾತ್ರೆ ಬರಿದು ಮಾಡಿ, ತಿಕ್ಕಿ, ಒಣಗಿಸಿ ಎಂದು ಇಲಾಖೆ ಹೇಳುತ್ತದೆ. ನಾನೂ ಆರೋಗ್ಯ ಸಹಾಯಕಿಯಾಗಿ ಟಾರ್ಚ್ ಹಿಡಿದು ಬ್ಯಾರಲ್‌ಗಳಲ್ಲಿ ಬಗ್ಗಿ ನೋಡುತ್ತ ಇದನ್ನೇ ಹೇಳಿದವಳು. ಆದರೆ ನಳ ಬರುವುದೇ ಎಂಟ್ಹತ್ತು ದಿನಕ್ಕೊಮ್ಮೆ ಆದರೆ, ಆರನೇ ದಿನ ಬ್ಯಾರಲ್ ಬರಿದು ಮಾಡಿದ ಹೆಣ್ಣುಮಗಳು ಮರುದಿನ ಎಲ್ಲಿಗೆ ಕೊಡ ಹಿಡಿದು ಹೋಗಬೇಕು? ತುಂಗಭದ್ರೆ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ, ವರದೆ ಹಾವೇರಿಯ ಮಗ್ಗುಲಲ್ಲಿದ್ದಾಳೆ. ಆದರೂ ನೀರು ಕೂಡಿಡದೆ ಬಾಳುವೆ ನಡೆಯದ ಓಣಿಗಳಿವೆ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಪಟ್ಟಣದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಕಾನೂನು ಬೇಡ ಎನ್ನುವುದಿಲ್ಲ. ನೀರಿನ ಸರದಿ ಸರಿಪಡಿಸದೆ ದಂಡ ಕೇಳುವುದು ಮಾತ್ರ ನ್ಯಾಯವಲ್ಲ. ಮಳೆಗಾಲದಲ್ಲಾದರೂ ಸರದಿ ವಾರ ದಾಟದಿರಲಿ, ನಳ ಬರುವ ದಿನ ಮೊದಲೇ ಗೊತ್ತಾಗಲಿ. ಹಾಗಾದರೆ ಹಿಂದಿನ ದಿನವೇ ಪಾತ್ರೆ ತಿಕ್ಕಬಹುದು. ತಿಕ್ಕಲೇಬೇಕು, ಯಾಕೆಂದರೆ ಬ್ಯಾರಲ್ ಗೋಡೆಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತದೆ. ಸಂಜೆ ಬೀದಿಯಲ್ಲಿ ಹೊಗೆ ಬಿಡುವುದು ಜನರ ಕಣ್ಣಿಗೆ ಕಾಣುತ್ತದೆ, ಸರಿ. ಹಗಲು ಕಚ್ಚಿ ಮನೆಯೊಳಗೆ ಕಪಾಟಿನ ಹಿಂದೆ ಅಡಗುವ ಈ ಸೊಳ್ಳೆಗೆ ಅದು ತಟ್ಟುವುದು ಕಡಿಮೆ. ಬ್ಯಾರಲ್‌ನಲ್ಲಿರುವ ಮರಿಗಳಿಗಂತೂ ತಟ್ಟುವುದೇ ಇಲ್ಲ.

ನನಗೆ ಹೆಚ್ಚು ಕಳವಳವಿರುವುದು ಕೂಸುಗಳ ಬಗ್ಗೆ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಡೆಂಗಿ ಇದ್ದರೆ ಅದು ಕೂಸಿಗೂ ದಾಟಬಹುದು. ಜ್ವರ ಕಾಣಿಸುವುದು ಹುಟ್ಟಿದ ಒಂದೆರಡು ದಿನಕ್ಕೆ, ಕೆಲವೊಮ್ಮೆ ಹತ್ತು ದಿನಕ್ಕೆ. ಸಹಜ ಹೆರಿಗೆಯಾದ ಬಾಣಂತಿ ಎರಡು ದಿನಕ್ಕೆ ಮನೆ ಸೇರಿರುತ್ತಾಳೆ. ಮೊಲೆ ಹಿಡಿಯದ, ಮಂಕಾದ ಕೂಸಿಗೆ ‘ದೃಷ್ಟಿ ಆಗೇತಿ’ ಎಂದು ನಿವಾಳಿಸುತ್ತ ಕೂತರೆ ಹೊತ್ತು ಮೀರುತ್ತದೆ. ಆಶಾ ಕಾರ್ಯಕರ್ತೆಯರು ಹೇಗೂ 3, 7, 14ನೇ ದಿನಗಳಲ್ಲಿ ಕೂಸನ್ನು ನೋಡಲು ಮನೆಗೆ ಹೋಗುತ್ತಾರೆ. ಹೆರಿಗೆಗೆ ಮುಂಚಿನ ವಾರ ತಾಯಿಗೆ ಜ್ವರ ಬಂದಿತ್ತೇ ಎಂಬ ಒಂದು ಪ್ರಶ್ನೆಯನ್ನು ಅವರು ತಪ್ಪದೆ ಕೇಳುವಂತೆ ಆದೇಶಿಸಿ. ಹೌದು ಎಂದಾದರೆ ಆ ಕೂಸನ್ನು ಮಕ್ಕಳ ವೈದ್ಯರಿಗೆ ತೋರಿಸುವ ವ್ಯವಸ್ಥೆ ಆಗಬೇಕು.

ದೊಡ್ಡ ಮಕ್ಕಳಲ್ಲಿ ಮೋಸ ಹೋಗುವುದು ಜ್ವರ ಇಳಿದಾಗ. ‘ಜ್ವರ ಬಿಟ್ಟೈತ್ರಿ’ ಎಂದು ತಾಯಿ ಸಮಾಧಾನಪಡುವ ಮೂರರಿಂದ ಏಳನೇ ದಿನದ ನಡುವೆಯೇ ರಕ್ತನಾಳದಿಂದ ನೀರಿನಂಶ ಸೋರಿ ಮಗು ಕುಸಿಯಬಹುದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಬಟ್ಟೆಯ ಮೇಲೆ ಬರೆದು ಅಂಗನವಾಡಿ, ಶಾಲೆ, ಔಷಧಿ ಅಂಗಡಿಗಳ ಮುಂದೆ ಇಷ್ಟನ್ನು ತೂಗುಹಾಕಿಸಿ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಬೇಗ ಗುಣವಾಗಲಿ ಎಂದು ಮಾಡಿಸುವ ನೋವಿನ ಸೂಜಿ, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸಬಹುದು ಎಂಬುದೂ ಅದರಲ್ಲಿರಲಿ.

ಪರೀಕ್ಷೆಯದೂ ದಿನದ ಲೆಕ್ಕವೇ. ಮೊದಲ ಐದು ದಿನ ಎನ್‌ಎಸ್‌-1, ಅನಂತರ ಐಜಿಎಂ. 2024ರ ಜುಲೈನಲ್ಲಿ ಸರ್ಕಾರ ಖಾಸಗಿಯಲ್ಲಿ ಇವೆರಡಕ್ಕೂ ತಲಾ 300 ರೂಪಾಯಿ ಮಿತಿ ಹಾಕಿತು. ಆ ದರಪಟ್ಟಿ ಪ್ರತಿ ಲ್ಯಾಬಿನ ಬಾಗಿಲಲ್ಲಿ ಕಾಣಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಭಾನುವಾರವೂ ಮಕ್ಕಳ ರಕ್ತದ ಮಾದರಿ ತೆಗೆದುಕೊಳ್ಳಬೇಕು, ವರದಿ ಮರುದಿನ ಪೋಷಕರ ಮೊಬೈಲಿಗೆ ಬರಬೇಕು. ಮಗು ಕುಸಿದ ಮೇಲೆ ಹುಬ್ಬಳ್ಳಿಗೋ ದಾವಣಗೆರೆಗೋ ಹೆದ್ದಾರಿಯಲ್ಲಿ ಓಡುವ ತಾಯಂದಿರ ಕೈಯಲ್ಲಿ ಆ ವರದಿ ಮೊದಲೇ ಇರಬೇಕಿತ್ತು.

ಮೂರೂ ಪಟ್ಟಣಗಳ ನೀರಿನ ವಾರ್ಡುವಾರು ವೇಳಾಪಟ್ಟಿಯನ್ನು ಮುಂಗಾರಿಗೆ ಮೊದಲು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ, ಹಾವೇರಿ ಜಿಲ್ಲೆ