ಸೇವೆಗೆ ಹೊರಟ ಮುಸಾಫಿರ್ ಹೊರೆಯಾಗಬಾರದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಭೂಕುಸಿತಕ್ಕೆ ಸಿಲುಕಿದವು. ಇಂತಹ ಸುದ್ದಿ ಮೆಟ್ರಿಯಂತಹ ದೂರದ ಹಳ್ಳಿಯನ್ನು ತಲುಪಿದಾಗಲೂ ನಮ್ಮ ಯುವಕರ ಮೊದಲ ಮಾತು ಒಂದೇ: ‘ಈಗಲೇ ಹೊರಡೋಣ.’ ದಾರಿಯೇನೂ ದುರ್ಗಮವಲ್ಲ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ಗುಂತಕಲ್ ಮಾರ್ಗವಾಗಿ ಬೆಳಗ್ಗೆ ಬೆಂಗಳೂರು, ಅಲ್ಲಿಂದ ಮೈಸೂರು. ಮುಂದೆ ಬಸ್ಸಿನಲ್ಲಿ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ವಯನಾಡು.

ಈ ತುಡಿತವನ್ನು ನಾವು ಗೌರವಿಸುತ್ತೇವೆ. ಆದರೆ ರೈಲು ಹತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಅಲ್ಲಿ ಇಳಿದ ಮೇಲೆ ನಾವು ಕೊಡುವವರೋ, ಪಡೆಯುವವರೋ?

ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈಗೆ ಸಂಪರ್ಕವೇ ಕಡಿದಿತ್ತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಆಗಸ್ಟ್ 1ರ ಹೊತ್ತಿಗೆ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಕಟ್ಟಿ ಮುಗಿಸಿದರು. ಆ ಗಳಿಗೆಯಲ್ಲಿ ಬೇಕಾಗಿದ್ದುದು ಜನರ ಗುಂಪಲ್ಲ, ಕೆಲಸ ಬಲ್ಲ ಕೈಗಳು.

ಅದಾದ ಕೆಲವೇ ದಿನಗಳಲ್ಲಿ, ಆಗಸ್ಟ್ 10ರ ರಾತ್ರಿ, ನಮ್ಮದೇ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕೆಳಗಿನ ನದಿತೀರದ ಜನರನ್ನು ಆತಂಕ ಆವರಿಸಿತು. ಅಲ್ಲಿಯೂ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ನೀರನ್ನು ತಡೆದದ್ದು ಅನುಭವಿಗಳ ಶ್ರಮವೇ.

ಇಸ್ಲಾಮ್ ಪ್ರಯಾಣದ ಕಷ್ಟವನ್ನು ಅರಿತಿದೆ. ಮುಸಾಫಿರನಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿಯಿದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಪ್ರಯಾಣಿಕನೂ ಒಬ್ಬನು. ಎಂದರೆ ಮನೆ ಬಿಟ್ಟವನು ಯಾವ ಗಳಿಗೆಯಲ್ಲಾದರೂ ಸ್ವತಃ ನೆರವಿಗೆ ಕೈಚಾಚಬೇಕಾದೀತು. ಸೇವೆಗೆಂದು ಹೋದವನು ನಿರಾಶ್ರಿತರ ಊಟದ ಸಾಲಿನಲ್ಲಿ ನಿಂತರೆ, ಅವರ ಚಾಪೆಯಲ್ಲಿ ಮಲಗಿದರೆ, ಅವನ ನಿಯ್ಯತ್ ಎಷ್ಟೇ ಶುದ್ಧವಾಗಿದ್ದರೂ ಅವರ ಪಾಲು ಕುಗ್ಗುತ್ತದೆ.

ಆದ್ದರಿಂದ ಮೊದಲು ಅಲ್ಲಿರುವವರನ್ನು ವಿಚಾರಿಸೋಣ. ಕರೆದರೆ ಮಾತ್ರ ಹೊರಡೋಣ. ಬುತ್ತಿ, ಹೊದಿಕೆ, ಔಷಧಿ ನಮ್ಮದೇ ಇರಲಿ. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ನಾಯಕರನ್ನಾಗಿಸಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ, ಅದನ್ನು ಪಾಲಿಸೋಣ. ವೈದ್ಯರು, ದಾದಿಯರು, ಎಲೆಕ್ಟ್ರಿಷಿಯನ್ನರು, ಜೆಸಿಬಿ ಚಾಲಕರು ಮುಂದಾಗಲಿ. ಉಳಿದವರು ತಮ್ಮ ಟಿಕೆಟ್ಟಿನ ಹಣವನ್ನೇ ಕಳುಹಿಸಿದರೆ ಅದೂ ಸೇವೆಯೇ; ಹೋಗದೆ ಉಳಿದದ್ದಕ್ಕೆ ನಾಚಬೇಕಾಗಿಲ್ಲ.

ತುಂಗಭದ್ರೆ ಉಕ್ಕಿ ಕಂಪ್ಲಿಯ ಸೇತುವೆ ಮುಳುಗುವ ದಿನಗಳಲ್ಲಿ ನೆರೆಮನೆಯ ವೃದ್ಧರನ್ನು ಎತ್ತರದ ಜಾಗಕ್ಕೆ ಸಾಗಿಸಲು ಯಾವ ರೈಲೂ ಬೇಡ. ಆ ಕೆಲಸವನ್ನು ಇಲ್ಲಿ ಕಲಿತವನೇ ದೂರದ ಊರಿಗೂ ಉಪಕಾರಿಯಾಗಬಲ್ಲನು. ನಮ್ಮ ತುಡಿತಕ್ಕೆ ವಿವೇಕವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.